ನಾಗತ್ತೆಯ ಬಿಟ್ಟಿ ತೋಟ

ನಮ್ಮ ಮನೆಯ ಅಟ್ಟದ ಮೇಲೆ ಏಳು ಮುರಿದ ಛತ್ರಿಗಳಿದ್ದವು. ಎಂಟನೆಯದು ಹೋದ ವಾರ ಸೇರಿತು. ನನ್ನ ಮಗಳು ದೀಪಾವಳಿಗೆ ಮನೆ ಒಪ್ಪ ಮಾಡುತ್ತೇನೆಂದು ಏಣಿ ಹತ್ತಿದವಳು ಅಲ್ಲಿಂದಲೇ ಕೂಗಿದಳು: "ಅಮ್ಮಾ, ನೀನೇನಾದ್ರೂ ಛತ್ರಿ ರಿಪೇರಿ ಅಂಗಡಿ ಇಡ್ತಾ ಇದೀಯಾ?"

"ಇರಲಿ ಬಿಡೇ, ಬೇಕಾಗುತ್ತೆ" ಎಂದೆ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ, ಬದುಕಿದೆ. ಟೊಮ್ಯಾಟೊ ಗಿಡಕ್ಕೆ ಆಸರೆ ಕೊಡಲು ಛತ್ರಿ ಕಡ್ಡಿಗಿಂತ ಉತ್ತಮವಾದದ್ದು ಪ್ರಪಂಚದಲ್ಲಿ ಇಲ್ಲ. ಅದು ತುಕ್ಕು ಹಿಡಿದರೂ ಬಾಗುವುದಿಲ್ಲ, ಬಾಗಿದರೂ ಮುರಿಯುವುದಿಲ್ಲ. ಇದೆಲ್ಲ ಸರಿ, ಆದರೆ ನಾನಿರುವುದು ಮೂರನೆಯ ಮಹಡಿಯ ಫ್ಲಾಟಿನಲ್ಲಿ. ಇಲ್ಲಿ ಟೊಮ್ಯಾಟೊ ಗಿಡ ಹೋಗಲಿ, ಒಂದು ತುಳಸಿ ಬದುಕುವುದೇ ಕಷ್ಟ. ಹಾಗಿದ್ದೂ ಯಾರಾದರೂ ಮುರಿದ ಛತ್ರಿ ಎಸೆದಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ. ಅರವತ್ತು ದಾಟಿದ ಹೆಂಗಸು ಕಸದ ಪಕ್ಕ ಬಗ್ಗುವುದನ್ನು ನೋಡಿ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಮ್ಮೆ, "ಮೇಡಂ, ಏನಾದ್ರೂ ಕಳ್ಕೊಂಡ್ರಾ?" ಎಂದು ಕಳವಳದಿಂದ ಕೇಳಿದ್ದ.

ಈ ಚಾಳಿ ನನಗೆ ಬಂದದ್ದು ನಾಗತ್ತೆಯಿಂದ. ನಾಗರತ್ನ ಅವಳ ಪೂರ್ತಿ ಹೆಸರು. ನಮ್ಮಪ್ಪನ ಒಬ್ಬಳೇ ತಂಗಿ. ಎಪ್ಪತ್ತರ ದಶಕದ ಮಾತು. ನಾವಾಗ ವಿಜಯನಗರದಲ್ಲಿ ಬಾಡಿಗೆಗೆ ಇದ್ದೆವು. ಈಗಿನ ವಿಜಯನಗರದಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುವವರಿಗೆ ಹೇಳಿದರೆ ನಗುತ್ತಾರೆ, ಆಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಯಾರಾದರೂ ವಿಳಾಸ ಕೇಳಿದರೆ "ಹೊಂಗೆ ಮರ ಆದ್ಮೇಲೆ ಮೂರನೇ ದೀಪದ ಕಂಬ" ಎನ್ನುತ್ತಿದ್ದೆವು. ಕಂಬ ಇತ್ತು, ದೀಪ ಇನ್ನೂ ಬಂದಿರಲಿಲ್ಲ. ನಮ್ಮ ಮನೆಗೆ ಅಂಟಿಕೊಂಡಿದ್ದ ಸೈಟು ಅಪ್ಪನ ಸ್ಕೂಲಿನ ಹೆಡ್‌ಮಾಸ್ಟರರದು. "ಏನಾದ್ರೂ ಬೆಳ್ಕೊಳ್ಳಿ ಮೇಷ್ಟ್ರೇ, ಪಾರ್ಥೇನಿಯಂ ಬೆಳೆಯೋದಾದ್ರೂ ತಪ್ಪುತ್ತೆ" ಎಂದು ಅವರು ಅಪ್ಪನಿಗೆ ಹೇಳಿದ್ದರು. ಅಪ್ಪನಿಗೆ ಬೆಳೆಯಲು ಬರುತ್ತಿದ್ದದ್ದು ಮೀಸೆ ಮಾತ್ರ. ಹಾಗಾಗಿ ನಾಗತ್ತೆ ಬರುವವರೆಗೆ ಅಲ್ಲಿ ಪಾರ್ಥೇನಿಯಮ್ಮೇ ಇತ್ತು.

ನಾಗತ್ತೆ ನಮ್ಮಲ್ಲಿಗೆ ಬಂದದ್ದು ಸ್ಯಾನಿಟೋರಿಯಂನಿಂದ. ಅವಳಿಗೆ ಕ್ಷಯವಾಗಿತ್ತು. ಆ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, 'ಎದೆ ತೊಂದರೆ' ಎನ್ನುತ್ತಿದ್ದರು. ವರ್ಷಕ್ಕೂ ಮೀರಿ ಅಲ್ಲಿದ್ದು, ಮೈಯೆಲ್ಲ ಸೂಜಿ ಚುಚ್ಚಿಸಿಕೊಂಡು, ಪೂರ್ತಿ ವಾಸಿಯಾಗಿ ಬಂದಿದ್ದಳು. ಇವಳಿಂದ ಯಾರಿಗೂ ಏನೂ ಹರಡುವುದಿಲ್ಲ ಎಂದು ಡಾಕ್ಟರು ಸರ್ಟಿಫಿಕೇಟ್ ಬರೆದುಕೊಟ್ಟಿದ್ದರು. ಅಷ್ಟರಲ್ಲಿ ಗೊತ್ತಾಗಿದ್ದ ಮದುವೆ ಮುರಿದುಬಿದ್ದಿತ್ತು. ಇಪ್ಪತ್ತಾರು ವರ್ಷದ, ಉದ್ದ ಜಡೆಯ, ಮೂಗಿನ ತುದಿಯಲ್ಲೇ ಸಿಟ್ಟಿದ್ದ ನಾಗತ್ತೆ ಒಂದು ತಗಡಿನ ಪೆಟ್ಟಿಗೆಯೊಂದಿಗೆ ಬಂದು ನನ್ನ ಕೋಣೆಯ ಅರ್ಧವನ್ನು ಹಂಚಿಕೊಂಡಳು. ನನಗಾಗ ಹನ್ನೊಂದು.

ಶುದ್ಧ ಗಾಳಿ, ತಾಜಾ ತರಕಾರಿ, ಹಗುರವಾದ ಕೆಲಸ, ಇಷ್ಟಿರಲಿ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಮಾಡಿದ ಮೊದಲ ಹಗುರವಾದ ಕೆಲಸವೆಂದರೆ, ಮಾಗಡಿ ರಸ್ತೆಯ ಬದಿಯಲ್ಲಿ ರಸ್ತೆ ಮಾಡುವವರು ಬಿಟ್ಟುಹೋಗಿದ್ದ ಡಾಂಬರಿನ ಡ್ರಮ್ಮೊಂದನ್ನು ಮೇಸ್ತ್ರಿಯನ್ನು ಕೇಳಿ ಪಡೆದು, ಪಕ್ಕದ ಸೈಟಿನಲ್ಲಿ ಮಾಡಬೇಕೆಂದಿದ್ದ ತೋಟಕ್ಕೆ ನೀರು ತುಂಬಿಡಲು ಮನೆಯವರೆಗೆ ಉರುಳಿಸಿಕೊಂಡು ಬಂದದ್ದು. ಉರುಳಿಸಿದ್ದು ಅವಳು, ಹಿಂದೆ ತಲೆ ತಗ್ಗಿಸಿಕೊಂಡು ಬಂದದ್ದು ನಾನು. ದಾರಿಯಲ್ಲಿ ನನ್ನ ಕ್ಲಾಸಿನ ಹುಡುಗಿಯರಿಬ್ಬರು ಸಿಕ್ಕಿದರು. ಆ ಡ್ರಮ್ಮಿನ ಒಳಗೆ ಕೂತುಬಿಡಲೇ ಅನ್ನಿಸಿತು.

ಕೊಂಡ ವಸ್ತು ತೋಟದೊಳಗೆ ಬರಕೂಡದೆಂಬುದು ನಾಗತ್ತೆಯ ಶಪಥ. ದುಡ್ಡಿಲ್ಲದ್ದು ಒಂದು ಕಾರಣ. ಇನ್ನೊಂದು, ಎಸೆದ ಸಾಮಾನು ಕಂಡರೆ ಅವಳಿಗೆ ಸಿಟ್ಟೇ ಬರುತ್ತಿತ್ತು. "ಏನಾಗಿದೆ ಇದಕ್ಕೆ? ಏನಾಗಿದೆ ಹೇಳು?" ಎಂದು ಕಾಲು ಮುರಿದ ಕುರ್ಚಿಯೊಂದನ್ನು ಹಿಡಿದು ನನ್ನನ್ನೇ ಗದರಿಸುತ್ತಿದ್ದಳು, ಅದನ್ನು ನಾನೇ ಎಸೆದವಳೋ ಎಂಬಂತೆ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಗೋಣಿಚೀಲ ಹಿಡಿದು ಬೀದಿಯ ಮೂಲೆಯ ಸಿಮೆಂಟಿನ ಕಸದ ತೊಟ್ಟಿಯನ್ನು ಒಂದು ಸುತ್ತು ಹಾಕಿ ಬರುವಳು. ಅವಳದೇ ಒಂದು ಕಾನೂನು ಇತ್ತು. ತೊಟ್ಟಿಯ ಒಳಗಿದ್ದರೆ ಅದು ಊರಿನ ಸ್ವತ್ತು, ತೆಗೆದುಕೊಳ್ಳಬಹುದು. ತೊಟ್ಟಿಯಿಂದ ಒಂದು ಗೇಣು ಹೊರಗಿದ್ದರೂ ಮನೆಯವರನ್ನು ಕೇಳಲೇಬೇಕು. ಒಮ್ಮೆ ಮುರಿದ ಮೊರಕ್ಕಾಗಿ ಅವಳು ಮೂರು ಮನೆಯ ಬಾಗಿಲು ತಟ್ಟಿದ್ದಳು.

ಆ ತೋಟದ ವೈಭವ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೇಲಿಗೆ ರಾಜಾಜಿನಗರದ ಕಾರ್ಖಾನೆಯೊಂದರ ಹಿಂದೆ ಬಿದ್ದಿದ್ದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳು. ಅವುಗಳ ಮೇಲೆ 'ಈ ಕಡೆ ಮೇಲಿರಲಿ' ಎಂದು ಬಾಣದ ಗುರುತು, ಆ ಬಾಣಗಳೆಲ್ಲ ನೆಲವನ್ನೇ ತೋರಿಸುತ್ತಿದ್ದವು. ಸೌತೆ, ಹೀರೆ ಬಳ್ಳಿ ಹಬ್ಬಲು ಸೈಕಲ್ಲಿನ ರಿಮ್ಮನ್ನು ಕಂಬಕ್ಕೆ ಕಟ್ಟಿ, ಅದರಿಂದ ಹಳೆಯ ಮಂಚದ ನವಾರ ಇಳಿಬಿಟ್ಟಿದ್ದಳು. ಪಡವಲಕಾಯಿ ನೆಟ್ಟಗೆ ಬೆಳೆಯಲೆಂದು ಎಲ್ಲರೂ ತುದಿಗೆ ಕಲ್ಲು ಕಟ್ಟಿದರೆ ಇವಳು ಕಬ್ಬಿಣದ ನಟ್ಟು ಕಟ್ಟಿದಳು. ಹೋಟೆಲಿನವರು ಎಸೆದಿದ್ದ ಬಿರುಕು ಬಿಟ್ಟ ಬೇಸಿನ್ನಿನಲ್ಲಿ ಪುದೀನ ಹಾಕಿದಳು, ಅದು ನೀರು ಹೋಗುವ ತೂತಿನಿಂದ ಕೆಳಕ್ಕೂ ಇಣುಕಿತು. ಎಳೆ ಪಾಲಕ್ ಸಸಿಗಳಿಗೆ ಬಿಸಿಲು ತಾಗದಿರಲೆಂದು ಚುನಾವಣೆ ಮುಗಿದ ಮೇಲೆ ಹರಿದು ನೇತಾಡುತ್ತಿದ್ದ ಬಟ್ಟೆಯ ಬ್ಯಾನರ್ ಕಟ್ಟಿದ್ದಳು. ಅದರಲ್ಲಿ 'ಅವರನ್ನೇ ಗೆಲ್ಲಿಸಿ' ಎಂಬಷ್ಟು ಮಾತ್ರ ಉಳಿದಿತ್ತು. ಯಾರನ್ನು ಎಂಬುದನ್ನು ಗಾಳಿ ಹರಿದುಕೊಂಡು ಹೋಗಿತ್ತು. ಪಾಲಕ್ಕಂತೂ ಭಾರೀ ಬಹುಮತದಿಂದ ಬಂತು.

ಇಷ್ಟಲ್ಲದೆ 'ನಾಯಿ ಇದೆ ಎಚ್ಚರಿಕೆ' ಎಂಬ ತಗಡಿನ ಬೋರ್ಡು ಬೇರೆ. ನಾಯಿ ಇರಲಿಲ್ಲ. ಒಬ್ಬ ಪೋಸ್ಟ್‌ಮನ್ ಅದನ್ನು ನಂಬಿ ಆರು ತಿಂಗಳು ನಮ್ಮ ಕಾಗದಗಳನ್ನು ಬೇಲಿಯಾಚೆಯಿಂದಲೇ ಎಸೆದುಹೋದ. ನಮ್ಮ ದೊಡ್ಡಮ್ಮನ ಮಗನ ಲಗ್ನಪತ್ರಿಕೆ ಮೂಲಂಗಿ ಪಾತಿಯಲ್ಲಿ ಸಿಕ್ಕಾಗ ಲಗ್ನ ಮುಗಿದು ಹೋಗಿತ್ತು. ದೊಡ್ಡಮ್ಮ ಬದುಕಿರುವವರೆಗೂ ಅದನ್ನು ಎತ್ತಿ ಆಡುತ್ತಿದ್ದರು.

ಇರಲಿ, ಎಲ್ಲಿಂದಲೋ ಎಲ್ಲಿಗೋ ಹೋದೆ. ಗೌರಿ ಹಬ್ಬದ ದಿನ ಅಮ್ಮ, ನಾಗತ್ತೆ ಮತ್ತು ನಾನು ಎದುರುಮನೆಯ ರಾಜಮ್ಮನವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ರಾಜಮ್ಮನವರು ನಮ್ಮ ಬೀದಿಗೆ ದೊಡ್ಡವರಿದ್ದ ಹಾಗೆ; ಅವರು ಏನು ಮಾಡುತ್ತಾರೋ ಉಳಿದವರೂ ಅದನ್ನೇ ಮಾಡುತ್ತಿದ್ದರು. ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಕಾಫಿ ಬಂತು. ನಾಗತ್ತೆಗೆ ಮಾತ್ರ ಅಂಚು ಒಡೆದ ಒಂದು ಗಾಜಿನ ಲೋಟ. ಕುಡಿದಾದ ಮೇಲೆ ರಾಜಮ್ಮನವರು, "ಅಲ್ಲೇ ಹಿತ್ತಲ ನಲ್ಲಿ ಹತ್ರ ಇಟ್ಬಿಡಮ್ಮ, ಒಳಗೆ ತರ್ಬೇಡ" ಎಂದರು. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು. ಅಮ್ಮನ ಮುಖ ಕೆಂಪಗಾಯಿತು. ನಾಗತ್ತೆ ಲೋಟ ತೊಳೆದು, ನಲ್ಲಿಯ ಕಟ್ಟೆಯ ಮೇಲೆ ಕವುಚಿ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು.

ರಾಜಮ್ಮನವರು ಕೆಟ್ಟವರೆಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಅಮ್ಮನಿಗೆ ಟೈಫಾಯ್ಡ್ ಆದಾಗ ವಾರಗಟ್ಟಲೆ ನಮಗೆಲ್ಲ ಅನ್ನ ಹಾಕಿದವರು ಅವರೇ. ಅವರ ತಮ್ಮ ಹದಿನೆಂಟನೆಯ ವಯಸ್ಸಿಗೆ ಇದೇ ಕಾಯಿಲೆಯಿಂದ ಹೋಗಿದ್ದ, ಆಗ ಮದ್ದಿರಲಿಲ್ಲ. ಅವರು ಹೆದರಿದ್ದರು, ಅಷ್ಟೇ. ಇದೆಲ್ಲ ಅರ್ಥವಾಗುವ ಬುದ್ಧಿ ನನಗೆ ಆಗ ಎಲ್ಲಿತ್ತು? ಅವರ ಮನೆಯ ಕಾಂಪೌಂಡಿಗೆ ಸಗಣಿ ಎರಚಬೇಕೆಂದು ಯೋಜನೆ ಹಾಕುತ್ತಿದ್ದೆ.

ಸಂಜೆ ಅಪ್ಪ ಆ ಸರ್ಟಿಫಿಕೇಟ್ ತೆಗೆದುಕೊಂಡು ರಾಜಮ್ಮನವರ ಯಜಮಾನರ ಹತ್ತಿರ ಹೊರಟರು. ನಾಗತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಅಣ್ಣಯ್ಯ. ಕಾಗದ ನೋಡಿ ನಂಬೋರು ಎಷ್ಟು ದಿನ ನಂಬ್ತಾರೆ? ಈ ಬೀದೀಲಿ ಒಬ್ಬರು, ಒಬ್ಬರೇ ಒಬ್ಬರು, ನನ್ನ ಕೈಯಿಂದ ಕೊಟ್ಟಿದ್ದನ್ನ ಬಾಯಿಗೆ ಹಾಕ್ಕೊಂಡ್ರೆ ಸಾಕು ನಂಗೆ. ಆಮೇಲೆ ಆ ಕಾಗದಾನ ಒಲೆಗೆ ಹಾಕು."

ಆವತ್ತಿನಿಂದ ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅವಳು ತರಕಾರಿ ಬೆಳೆದದ್ದೂ ಅದಕ್ಕೇ ಎಂದು ಈಗ ಅನ್ನಿಸುತ್ತದೆ, ನಾವು ನಾಲ್ಕು ಜನ ತಿನ್ನಲು ಅಷ್ಟು ಬದನೆಕಾಯಿ ಯಾಕೆ ಬೇಕಿತ್ತು?

ಕಾಯಿ ಬಿಡಲು ಶುರುವಾದ ಮೇಲೆ ಹಂಚುವ ಕೆಲಸ ನನ್ನದಾಯಿತು. ದ್ರಾಕ್ಷಿ ಬರುವ ಬುಟ್ಟಿಯಲ್ಲಿ ಬದನೆ, ಬೆಂಡೆ, ಒಂದು ಕಟ್ಟು ಸೊಪ್ಪು. "ನಾಗತ್ತೆ ಕೊಟ್ಲು ಅಂತಾನೇ ಹೇಳ್ಬೇಕು. ಅಮ್ಮ ಕೊಟ್ರು ಅನ್ಬೇಡ" ಎಂದು ಅವಳ ಕಟ್ಟಪ್ಪಣೆ. ಎಲ್ಲರೂ "ಅಯ್ಯೋ, ಯಾಕಮ್ಮ ಇಷ್ಟೊಂದು" ಎಂದು ತೆಗೆದುಕೊಳ್ಳುತ್ತಿದ್ದರು. ನಾನು ಖುಷಿಯಿಂದ ಕುಣಿಯುತ್ತಾ ಬರುತ್ತಿದ್ದೆ.

ಒಂದು ವಾರದ ಮೇಲೆ ಸ್ಕೂಲಿನಿಂದ ಬರುತ್ತಿದ್ದಾಗ ಮೂಲೆಯ ತೊಟ್ಟಿಯಲ್ಲಿ ಹಸುವೊಂದು ಏನನ್ನೋ ಮೆಲ್ಲುತ್ತಿತ್ತು. ನೋಡಿದರೆ ನಾನು ಬೆಳಿಗ್ಗೆ ರಾಜಮ್ಮನವರಿಗೆ ಕೊಟ್ಟಿದ್ದ ಬದನೆಕಾಯಿಗಳು. ಪಕ್ಕದಲ್ಲಿ ಮೂಲೆಮನೆಯವರಿಗೆ ಕೊಟ್ಟ ಬೆಂಡೆಕಾಯಿ, ಕಟ್ಟು ಬಿಚ್ಚದ ಸೊಪ್ಪು.

ಮನೆಗೆ ಬಂದರೆ ನಾಗತ್ತೆ ಬೇಲಿಯ ಹತ್ತಿರವೇ ಕಾದಿದ್ದಳು. "ಏನಂದ್ರೇ ರಾಜಮ್ಮನೋರು? ಮಾಡಿದ್ರಂತಾ?"

"ಹೂಂ ನಾಗತ್ತೆ! ಎಣ್ಣೆಗಾಯಿ ಮಾಡಿದ್ರಂತೆ. ತುಂಬಾ ಚೆನ್ನಾಗಿತ್ತಂತೆ!"

ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. ಒಂದು ಸುಳ್ಳು ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಹೊಗಳಿಕೆ ಕೇಳಿದ ಮೇಲೆ ನಾಗತ್ತೆ ಸುಮ್ಮನಿರುತ್ತಾಳೆಯೇ? ಮಾರನೆಯ ದಿನ ರಾಜಮ್ಮನವರಿಗೆ ಎರಡರಷ್ಟು ಬದನೆಕಾಯಿ ಹೋಯಿತು. ಹಸುವಿಗೆ ಹಬ್ಬ. ನಾನು ಇನ್ನೂ ದೊಡ್ಡ ಸುಳ್ಳು ಹೇಳಬೇಕಾಯಿತು: ಅವರ ಯಜಮಾನರು ಎರಡನೇ ಸಲ ಬಡಿಸಿಕೊಂಡರಂತೆ, ಎಣ್ಣೆಗಾಯಿಗೆ ದಪ್ಪ ಉಂಡೆ ಬೆಲ್ಲ ಹಾಕಿದ್ದರಂತೆ, ಮೂಲೆಮನೆಯವರು ಬೆಂಡೆಕಾಯಿ ಗೊಜ್ಜಿಗೆ ಎಳ್ಳು ಹುರಿದು ಹಾಕಿದರಂತೆ. ಅಡುಗೆಮನೆಗೆ ಕಾಲಿಡದ ಹುಡುಗಿ ಬೀದಿಯ ಅಷ್ಟೂ ಮನೆಯ ಅಡುಗೆಯನ್ನು ನಾಲಿಗೆಯ ತುದಿಯಲ್ಲೇ ಮಾಡಿ ಮುಗಿಸುತ್ತಿದ್ದೆ.

ಆಮೇಲೆ ಹೊಳೆಯಿತು, ನಾಗತ್ತೆ ಬೆಳಿಗ್ಗೆ ತೊಟ್ಟಿಯ ಹತ್ತಿರ ಹೋಗುತ್ತಾಳಲ್ಲ! ನೋಡಿಬಿಟ್ಟರೆ? ಅಂದಿನಿಂದ ಸ್ಕೂಲು ಬಿಟ್ಟೊಡನೆ ತೊಟ್ಟಿಗೆ ಬಗ್ಗಿ, ಹಸು ಬಿಟ್ಟದ್ದನ್ನೆಲ್ಲ ಪುಸ್ತಕದ ಚೀಲಕ್ಕೆ ತುಂಬಿಕೊಂಡು, ತೋಟದ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ತರಗೆಲೆ ಮುಚ್ಚುತ್ತಿದ್ದೆ. ಒಂದೇ ಮನೆಯಿಂದ ಇಬ್ಬರು ಪಾಳಿಯ ಮೇಲೆ ಕಸದ ತೊಟ್ಟಿ ಕಾಯುವುದು ಬೇರೆಲ್ಲೂ ನಡೆದಿರಲಾರದು. ಒಂದು ದಿನ ಚೀಲದ ತಳದಲ್ಲಿ ಮರೆತುಹೋದ ಬದನೆಕಾಯಿ ಭೂಗೋಳದ ಪುಸ್ತಕದ ಮೇಲೆ ಕೊಳೆತು, ಅಮ್ಮನಿಂದ ಬೆನ್ನಿಗೆ ನಾಲ್ಕು ಬಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಬಾಯಿಬಿಟ್ಟವಳು ನಾಗತ್ತೆಯೇ. ಭಾನುವಾರ ಗೊಬ್ಬರದ ಗುಂಡಿ ತಿರುವುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಶೈಲಾ, ರಾಜಮ್ಮನೋರ ಯಜಮಾನ್ರಿಗೆ ಸಕ್ಕರೆ ಕಾಯಿಲೆ ಕಣೇ. ಅವರ ಮನೇಲಿ ಎಣ್ಣೆಗಾಯಿಗೆ ಉಂಡೆ ಬೆಲ್ಲ ಹೆಂಗೆ ಹಾಕ್ತಾರೆ?"

ನಾನು ಗುಂಡಿಗೆ ಇನ್ನೊಂದಿಷ್ಟು ತರಗೆಲೆ ತಳ್ಳಿದೆ.

"ಮೊದಲನೇ ದಿನವೇ ಗೊತ್ತು ನಂಗೆ. ನಾನು ಬೆಳೆದ ಬದನೆ ನಂಗೆ ಗುರುತು ಸಿಗಲ್ವೇನೇ?"

ನನಗೆ ಅಳು ಕಿತ್ತುಕೊಂಡು ಬಂತು. "ಮತ್ಯಾಕೆ ದಿನಾ ಕಳಿಸ್ತೀಯ? ಹಾಕೋದೆಲ್ಲ ಹಸುಗೆ! ಅವರಿಗ್ಯಾಕೆ ಕೊಡ್ಬೇಕು?"

ಅವಳಿಗೂ ಸಿಟ್ಟು ನೆತ್ತಿಗೇರಿತು. ಕೈಲಿದ್ದ ಸಲಿಕೆಯಿಂದ ಡ್ರಮ್ಮಿಗೆ ಒಂದು ಬಾರಿಸಿದಳು, ಬೀದಿಗೆಲ್ಲ ಕೇಳುವ ಹಾಗೆ. "ನಿಲ್ಲಿಸಿದ್ರೆ ಏನಾಗುತ್ತೆ ಗೊತ್ತಾ? ಹೌದಪ್ಪ, ನನ್ನ ಕೈಯಲ್ಲಿ ರೋಗ ಇದೆ ಅಂತ ನಾನೇ ಒಪ್ಕೊಂಡ ಹಾಗೆ. ನಾನು ಒಪ್ಪಲ್ಲ. ಅವರು ಎಸೀಲಿ, ನಾನು ಕೊಡ್ತೀನಿ. ಯಾರಿಗೆ ಮೊದಲು ಸುಸ್ತಾಗುತ್ತೋ ನೋಡೇಬಿಡೋಣ." ಆಮೇಲೆ ನನ್ನನ್ನು ಎಳೆದುಕೊಂಡು ಕೂರಿಸಿ, ಮಣ್ಣಿನ ಕೈಯಲ್ಲೇ ಕಣ್ಣೊರೆಸಿದಳು. ನನ್ನ ಮುಖ ಹೇಗಾಯಿತೆಂದು ನೋಡಿ ಇಬ್ಬರಿಗೂ ನಗು ಬಂತು. ಮಾರನೆಯ ದಿನ ಬುಟ್ಟಿ ಮತ್ತೆ ಹೊರಟಿತು. ಎಸೆದದ್ದೆಲ್ಲ ಗೊಬ್ಬರವಾಗಿ ಮುಂದಿನ ಫಸಲು ಇನ್ನಷ್ಟು ಜೋರಾಗಿ ಬಂತು.

ಹೀಗೆ ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು. ಬೇಸಿಗೆಯಲ್ಲಿ ರಾಜಮ್ಮನವರ ಮಗಳು ಪದ್ಮಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಅವಳಿಗೆ ಏನು ತಿಂದರೂ ವಾಂತಿ. ಬಿಸಿ ಅನ್ನದ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದಳು. ರಾಜಮ್ಮನವರು ಮಾಡದ ತಿಂಡಿಯಿಲ್ಲ, ಕೇಳದ ಡಾಕ್ಟರಿಲ್ಲ. ಏಳು ತಿಂಗಳ ಬಸುರಿಯ ಕೈಕಾಲು ಸಣ್ಣಗಾಗಿದ್ದವು.

ಒಂದು ಬೆಳಿಗ್ಗೆ ನಾಗತ್ತೆ ಪಾತಿಗೆ ನೀರು ಬಿಡುತ್ತಿದ್ದಳು, ನಾನು ಕಳೆ ಕೀಳುವ ನಾಟಕ ಮಾಡುತ್ತಿದ್ದೆ. ಪದ್ಮಕ್ಕ ಮೆಲ್ಲಗೆ ನಡೆದುಕೊಂಡು ಬಂದು ಬೇಲಿಗೆ ಕೈಯೂರಿ ನಿಂತಳು.

"ನಾಗಕ್ಕ, ಅದು ಎಳೆ ಸೌತೆಕಾಯಾ? ನಂಗೊಂದು ಕೊಡ್ತೀರಾ? ನೋಡಿದ್ರೇ ಬಾಯಲ್ಲಿ ನೀರು ಬರ್ತಾ ಇದೆ."

ನಾನು ನಾಗತ್ತೆಯ ಮುಖ ನೋಡಿದೆ. ವರ್ಷವಿಡೀ ಇದಕ್ಕೇ ಕಾದವಳಲ್ಲವೇ, ಹಾರಿ ಕಿತ್ತುಕೊಡುತ್ತಾಳೆ ಎಂದುಕೊಂಡೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೀನೇ ಒಳಗೆ ಬಂದು ಕಿತ್ಕೊಳಮ್ಮ. ಹೊಟ್ಟೇಲಿ ಮಗು ಇದೆ. ನಾನು ಮುಟ್ಟಲ್ಲ."

ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಯಾರ ಮುಂದೆಯೂ ಒಪ್ಪದವಳು ಆ ಹುಟ್ಟದ ಮಗುವಿನ ಮುಂದೆ ಒಪ್ಪಿಬಿಟ್ಟಿದ್ದಳು. ಅವಳಿಗೂ ತನ್ನ ಕೈಯ ಮೇಲೆ ಭಯ ಇತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಈ ಹೊಟ್ಟೆ ಇಟ್ಕೊಂಡು ನಾನು ಬಳ್ಳಿ ಕೆಳಗೆ ನುಗ್ಗಲಾ? ನೀವೇ ಕಿತ್ತುಕೊಡಿ ನಾಗಕ್ಕ" ಎಂದಳು ಪದ್ಮಕ್ಕ.

ಅಷ್ಟು ಹೊತ್ತಿಗೆ ಎದುರುಮನೆಯ ಗೇಟು ಕಿರ್ರೆಂದಿತು. "ಪದ್ಮಾ!" ಎನ್ನುತ್ತಾ ರಾಜಮ್ಮನವರು ಬರಿಗಾಲಲ್ಲಿ ರಸ್ತೆ ದಾಟಿ ಬಂದರು. ಮಗಳ ರಟ್ಟೆ ಹಿಡಿದರು. "ನಡಿ ಒಳಗೆ. ಮಾರ್ಕೆಟ್ಟಿಂದ ತರಿಸಿಕೊಡ್ತೀನಿ."

"ನಂಗೆ ಮಾರ್ಕೆಟ್ಟಿಂದು ಬೇಡಮ್ಮ. ಇದೇ ಬೇಕು."

ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಕೊಡದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು ನಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿಕೊಟ್ಟವರು ಸ್ವತಃ ರಾಜಮ್ಮನವರು. ಈಗ ಒಂದು ಕಡೆ ಆ ಭಯ, ಇನ್ನೊಂದು ಕಡೆ ಸತ್ತ ತಮ್ಮನ ಭಯ. ಅವರು ಮಗಳ ಹೊಟ್ಟೆ ನೋಡಿದರು. ನಾಗತ್ತೆಯನ್ನು ನೋಡಿದರು, ಬೆನ್ನ ಹಿಂದೆ ಅಡಗಿಸಿಟ್ಟ ಅವಳ ಕೈಗಳನ್ನು ನೋಡಿದರು.

"ಕೊಡಮ್ಮ, ನಾಗರತ್ನ" ಎಂದರು ಕೊನೆಗೆ. "ಬಸುರಿ ಹುಡುಗಿ ಕೇಳ್ತಾ ಇದಾಳೆ. ಕೊಡು."

ನಾಗತ್ತೆ ಡ್ರಮ್ಮಿನ ನೀರಿನಲ್ಲಿ ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಬಳ್ಳಿಯಲ್ಲಿದ್ದ ಅತಿ ಎಳೆಯ ಕಾಯನ್ನು ಹುಡುಕಿ ಕಿತ್ತು, ತೊಳೆದು, ಬೇಲಿಯ ಮೇಲಿಂದ ಚಾಚಿದಳು. ಪದ್ಮಕ್ಕ ಕರುಮ್ಮೆಂದು ಕಚ್ಚಿದಳು. ನಾವು ಮೂವರೂ ಉಸಿರು ಹಿಡಿದು ನೋಡುತ್ತಿದ್ದೆವು, ವಾಂತಿಯಾಗುತ್ತದೋ ಎಂದು. ಆಗಲಿಲ್ಲ. ತೊಟ್ಟಿನವರೆಗೆ ತಿಂದು ಮುಗಿಸಿ ಇನ್ನೊಂದಕ್ಕೆ ಕೈ ನೀಡಿದಳು. ಎರಡನೆಯದನ್ನು ಅರ್ಧ ಮುರಿದು, "ನೀನೂ ತಿನ್ನಮ್ಮ, ಒಂಚೂರೂ ಕಹಿ ಇಲ್ಲ" ಎಂದು ತಾಯಿಯ ಕೈಗಿಟ್ಟಳು.

ರಾಜಮ್ಮನವರು ಅದನ್ನು ಹಿಡಿದು ನಿಂತರು. ಕಣ್ಣಲ್ಲಿ ನೀರು ತುಂಬಿತ್ತು. ನಾಗತ್ತೆ ಮುಖ ಬೇರೆ ಕಡೆ ತಿರುಗಿಸಿದಳು, ಅವರು ಅದನ್ನು ಕೆಳಗೆ ಹಾಕುವುದಾದರೆ ನೋಡುವುದು ಬೇಡವೆಂದು. ಕರುಮ್ಮೆಂಬ ಸದ್ದು ಕೇಳಿ ತಿರುಗಿದಳು. ರಾಜಮ್ಮನವರು ಅಗಿಯುತ್ತಿದ್ದರು. ನಿಧಾನವಾಗಿ, ಕಣ್ಣು ಒರೆಸಿಕೊಳ್ಳುತ್ತಾ, ಪೂರ್ತಿ ಅಗಿದು ನುಂಗಿದರು. ಆಮೇಲೆ ಬೇಲಿಯ ಮೇಲಿಂದ ತಮ್ಮ ಬರಿಗೈಯನ್ನು ಚಾಚಿದರು.

"ಇನ್ನೊಂದು ಕೊಡು ತಾಯಿ" ಎಂದರು.